ನಾಲ್ಕು ಇಂಚಿನ ಬಾಗಿಲು

“ಅಜ್ಜಾರ, ಸಿಟ್ಟು ಬರದಂಗ ತಡಿಯೂ ನಿಯಮ ಯಾವುದು? ಎಲ್ಲಕ್ಕಿಂತ ಗಟ್ಟಿ ಇರೂದು ಹೇಳ್ರಿ. ಸಣ್ಣದು ಬ್ಯಾಡ.”

ಕೇಳಿದವನು ಎರ್ರಿಸ್ವಾಮಿ. ಮಠದ ದಾಸೋಹದಲ್ಲಿ ಬಡಿಸುವ ಕೆಲಸ ಅವನದು. ಬಳ್ಳಾರಿ ಸೀಮೆಯ ಬೇಸಿಗೆ, ಒಲೆಯ ಕಾವು, ಎರ್ರಿಸ್ವಾಮಿಯ ಸಿಟ್ಟು ಮೂರೂ ಒಟ್ಟಿಗೇ ಏರುತ್ತವೆ ಎಂದು ಅಡುಗೆಮನೆಯವರು ನಗುತ್ತಿದ್ದರು. ಮೊನ್ನೆ ಮಾತ್ರ ಯಾರೂ ನಗಲಿಲ್ಲ. ದಿನಾ ಊಟಕ್ಕೆ ಬರುವ ಒಬ್ಬ ಮುದುಕಿ ಮನೆಗೆ ಒಯ್ಯಲು ಎರಡು ರೊಟ್ಟಿ ಕೇಳಿದಳು. ಇವನು ಪಂಕ್ತಿಯ ನಡುವೆ ನಿಂತು, “ಇದೇನು ನಿನ್ನ ತವರುಮನೀನಾ?” ಎಂದು ಗದರಿದ. ಮುದುಕಿ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಎರಡು ದಿನವಾಯಿತು, ಅವಳು ಬಂದಿಲ್ಲ. ಎರ್ರಿಸ್ವಾಮಿಗೂ ಅನ್ನ ಸೇರುತ್ತಿಲ್ಲ.

“ಏನು ಮಾಡಬೇಕಂತ ಮಾಡೀಯಪ್ಪ?” ಎಂದರು ಗುರುಗಳು.

“ಒಂದು ವರ್ಷ ಮೌನ ಹಿಡೀತೀನ್ರಿ. ಬಾಯಿನೇ ತೆಗಿಯೂದಿಲ್ಲ. ಅಪ್ಪಣೆ ಕೊಡ್ರಿ.”

ಗುರುಗಳು ನಕ್ಕರು. “ಅಡುಗಿಮನಿಯವರಿಗೆ ಹಬ್ಬ ಆತು ಬಿಡು. ಕುಂದ್ರು. ಒಂದು ಬಾಗಿಲಿನ ಕತಿ ಐತಿ, ಕೇಳು” ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವೀಣೆ ಮಾಡುವವನಿದ್ದ. ಕಾರು ನಿಲ್ಲಿಸಲೆಂದು ಯಾರೋ ಕಟ್ಟಿಸಿದ್ದ ಶೆಡ್ಡನ್ನು ಬಾಡಿಗೆಗೆ ಹಿಡಿದು ಅಲ್ಲೇ ಕೆಲಸ ಮಾಡುತ್ತಿದ್ದ. ಮೇಲೆ ಮಣ್ಣಿನ ಮಾಳಿಗೆ, ಮೂರು ಕಡೆ ದಪ್ಪ ಕಲ್ಲಿನ ಗೋಡೆ. ಅವುಗಳಿಂದ ತೊಂದರೆಯಿಲ್ಲ. ನಾಲ್ಕನೆಯ ಕಡೆ, ಪಶ್ಚಿಮಕ್ಕೆ, ಎರಡು ಕದದ ದೊಡ್ಡ ತಗಡಿನ ಬಾಗಿಲು. ಮಧ್ಯಾಹ್ನ ದಾಟಿತೆಂದರೆ ಅದು ರೊಟ್ಟಿಯ ಹಂಚು. ಕಾರಿಗೆ ಅದರಿಂದ ಏನೂ ಆಗುವುದಿಲ್ಲ. ವೀಣೆಗೆ ಆಗುತ್ತದೆ.

ವೀಣೆಯಲ್ಲಿ ತಂತಿಯ ಕೆಳಗೆ ಸಾಲಾಗಿರುವ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಕಾವು ಹೆಚ್ಚಾದರೆ ಮೇಣ ಮೆತ್ತಗಾಗುತ್ತದೆ. ಮೆಟ್ಟಿಲು ಒಂದು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಟ್ಟಿತು. ಆಮೇಲೆ ಎಂಥ ಬೆರಳು ನುಡಿಸಿದರೂ ಕಿವಿ ಮುಚ್ಚಿಕೊಳ್ಳಬೇಕು.

ಪಕ್ಕದ ಹಳ್ಳಿಯಲ್ಲಿ ಸಂಗೀತ ಕಲಿಸುವ ಟೀಚರಮ್ಮನ ವೀಣೆ ಅವನ ಬಳಿ ದುರಸ್ತಿಗೆ ಬಂದಿತ್ತು. ವಯಸ್ಸಾದ ಹೆಂಗಸು. ಇದ್ದದ್ದು ಅದೊಂದೇ ವೀಣೆ, ಅದರ ಮೇಲೆ ಐದು ಹುಡುಗಿಯರು ಕಲಿಯುತ್ತಿದ್ದರು. ಎರಡು ಬೇಸಿಗೆ ಅವನು ಮೆಟ್ಟಿಲು ಕೂರಿಸಿಕೊಟ್ಟಿದ್ದ. ಎರಡು ಸಲವೂ ಶೆಡ್ಡಿನ ಕಾವಿಗೆ ಮೇಣ ಸರಿಯಾಗಿ ಬಿಗಿಯದೆ, ಮನೆ ಸೇರುವಷ್ಟರಲ್ಲಿ ಮೆಟ್ಟಿಲು ಜರುಗಿತ್ತು. ಮೂರನೆಯ ಸಲ ಅವಳು ಹೇಳಿದಳು: “ನಾನೇ ಬಂದು ಪಕ್ಕದಾಗ ಕುಂತು, ಒಂದೊಂದು ಸ್ವರ ಕೇಳಿ ಕೂರಿಸಿಕೊಂಡು ಹೋಗ್ತೀನಿ. ಈ ಸಲವೂ ಆಗಲಿಲ್ಲಾಂದ್ರ ಹುಡುಗ್ಯಾರಿಗೆ ಪಾಠ ಸಾಕು ಅಂತ ಹೇಳಿಬಿಡ್ತೀನಪ್ಪ. ನನಗೂ ಕೈ ಸೋತಾವು.” ಬರುವ ದಿನವನ್ನೂ ಗೊತ್ತು ಮಾಡಿ ಹೋದಳು.

ವೀಣೆಯವನಿಗೆ ಛಲ ಬಂತು. ಛಲ ಒಳ್ಳೆಯದೇ. ಅವನು ವೆಲ್ಡಿಂಗ್ ಮಾಡುವವನೊಬ್ಬನನ್ನು ಕರೆದು ಬಾಗಿಲು ತೋರಿಸಿ, ಬಿಸಿಲು ತಡೆಯಲು ಏನು ಹಾಕಬೇಕೆಂದು ಕೇಳಿದ.

ಆತ ಕೆಲಸ ಬಲ್ಲವನು. ತಗಡನ್ನು ಮುಟ್ಟಿ ನೋಡಿದ, ಕೆಳಗಿನ ಸಂದಿಗೆ ಕೈ ಹಿಡಿದ, ಕೀಲುಗಳನ್ನು ಅಲ್ಲಾಡಿಸಿದ. “ಹೊರಗ ಬಿಳಿ ಬಣ್ಣ ಹೊಡಿ ಯಣ್ಣ, ಅರ್ಧ ಬಿಸಿಲು ಅಲ್ಲೇ ತಿರುಗಿ ಹೋಗ್ತತಿ. ಒಳಗ ತಗಡಿನಿಂದ ಒಂದು ಬೆರಳು ಜಾಗ ಬಿಟ್ಟು ಹೊಳಿಯೂ ಬೆಳ್ಳಿ ಹಾಳಿ, ಅದರ ಹಿಂದ ಒಂದಿಂಚು ಥರ್ಮಾಕೋಲ್. ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಈ ಕೀಲು ಅಷ್ಟು ಭಾರ ಆರಾಮ ತಡೀತಾವು.”

“ಒಂದಿಂಚು ಅಷ್ಟು ತಡೆದ್ರ ನಾಲ್ಕು ಇಂಚು ಎಷ್ಟು ತಡೀಬೇಕು? ನಾಲ್ಕು ಹಾಕು.”

“ಹಾಕ್ತೀನಿ. ಆದ್ರ ದಿನಾ ತೆಗಿಯಾವ ನೀನು, ನಾನಲ್ಲ.”

“ನನಗ ಬೇಕಾಗಿರೂದು ಮುಚ್ಚೂದು” ಎಂದ ವೀಣೆಯವನು.

ಸರಿ, ನಾಲ್ಕು ಇಂಚಾಯಿತು. ಅದರ ಮೇಲೆ ಹಳೆಯ ಹತ್ತಿ ಗಾದಿ ಹೊಡೆಸಿದ. ಗಾದಿ ಕಾಣಬಾರದೆಂದು ಪ್ಲೈವುಡ್ ಹೊಡೆಸಿದ. ಇಷ್ಟೆಲ್ಲ ಇರುವಾಗ ಬಿಳಿ ಬಣ್ಣದ ಹಂಗೇಕೆ ಎಂದು ಹೊರಗಿನ ತಗಡನ್ನು ಇದ್ದ ಹಾಗೇ ಬಿಟ್ಟ. ಮನುಷ್ಯನಿಗೆ ಬುದ್ಧಿ ಹೇಳುವವರು ಸಿಗುವುದು ಕಷ್ಟವಲ್ಲ. ಹೇಳಿದ್ದರಲ್ಲಿ ಸುಲಭವಾದದ್ದನ್ನು ಬಿಟ್ಟು ಭಾರವಾದದ್ದನ್ನೇ ಹೊತ್ತುಕೊಳ್ಳುತ್ತಾನೆ, ಅದೇ ದೊಡ್ಡದೆಂದು ತಿಳಿಯುತ್ತಾನೆ.

ಬಾಗಿಲು ಜೋತುಬಿದ್ದು ನೆಲ ಕೆರೆಯತೊಡಗಿತು. ತೆರೆಯಲು ಹೆಗಲು ಕೊಟ್ಟು ನೂಕಬೇಕು. ಆದರೆ ಒಳಗೆ? ಒಳಗೆ ಬಾವಿಯ ತಂಪು. ಗಾಳಿಗೆ ಹಿಂಗೋಡೆಯ ಕಿಂಡಿಯೊಂದೇ ಸಾಕಾಯಿತು. ಮೇಣ ಕಲ್ಲಿನಂತೆ ನಿಂತಿತು. ವೀಣೆಯವನ ಸಂತೋಷ ಹೇಳತೀರದು. ಕಂಡಕಂಡವರನ್ನು ಕರೆದು, “ಮುಟ್ಟಿ ನೋಡ್ರಿ” ಎಂದು ಬಾಗಿಲಿನ ಒಳಮೈ ಮುಟ್ಟಿಸಿದ. ಮುಟ್ಟಿದವರೆಲ್ಲ ಭೇಷ್ ಎಂದರು. ಹೊರಮೈಯನ್ನು ಯಾರೂ ಮುಟ್ಟಿ ನೋಡಲಿಲ್ಲ.

ಗೊತ್ತು ಮಾಡಿದ ದಿನ ಬಂತು. ಅವನು ನೆಲ ಗುಡಿಸಿ ಚಾಪೆ ಹಾಸಿದ. ಟೀಚರಮ್ಮನಿಗೆಂದು ಮಣ್ಣಿನ ಹೂಜಿಯಲ್ಲಿ ನೀರು ತುಂಬಿಟ್ಟ. ವೀಣೆಯನ್ನು ಚಾಪೆಯ ಮುಂದಿಟ್ಟು, ಬಾಗಿಲು ಭದ್ರವಾಗಿ ಮುಚ್ಚಿ, ಇನ್ನೊಂದು ವೀಣೆಯ ಮರ ಉಜ್ಜುತ್ತ ಕುಳಿತ. ಬಂದರೆ ಬಾಗಿಲು ಬಡಿಯುತ್ತಾಳೆ ಎಂದುಕೊಂಡ. ಎರಡು ಗಂಟೆಯಾಯಿತು, ಮೂರಾಯಿತು. ತೆರೆದು ನೋಡೋಣವೆಂದರೆ ಕಾವು ಒಳಗೆ ನುಗ್ಗುತ್ತದೆ. ನಾಲ್ಕಾಯಿತು. ಯಾರೂ ಬಡಿಯಲಿಲ್ಲ. ಟೀಚರಮ್ಮನಿಗೇ ವೀಣೆ ಬೇಡವಾಗಿರಬೇಕು ಎಂದು ಅವನಿಗೆ ಬೇಸರವಾಯಿತು, ಆಮೇಲೆ ಸಿಟ್ಟೂ ಬಂತು.

ಹೊತ್ತು ಇಳಿದ ಮೇಲೆ ಹೆಗಲು ಕೊಟ್ಟು ಬಾಗಿಲು ನೂಕಿದ. ಹೊರಗೆ ಗೋಡೆಯ ಬುಡದಲ್ಲಿ ಒಂದು ಸಣ್ಣ ಗಂಟು ಇತ್ತು. ಬಿಚ್ಚಿದರೆ ಹೊಸ ತಂತಿಗಳು, ಅವನಿಗೆಂದು ಕಟ್ಟಿ ತಂದಿದ್ದ ಎರಡು ಹೋಳಿಗೆ. ಎದುರಿನ ಪಂಕ್ಚರ್ ಅಂಗಡಿಯವನು ಓಡಿ ಬಂದ.

“ಎಲ್ಲಿ ಹೋಗಿದ್ದಿಯೋ ಮಾರಾಯ? ಆ ಯಮ್ಮ ಒಂದು ತಾಸು ಬಾಗಿಲು ಬಡಿದಳು, ಎಳೆದಳು. ತಗಡಿಗೆ ಕೈ ಸುಟ್ಟುಕೊಂಡಳು. ನಾನೂ ಕೂಗಿದೆ. ನೀ ಇಲ್ಲಂತ ತಿಳಿದು ಬಸ್ಸಿಗೆ ಹೋದಳು.”

ವೀಣೆಯವನು ಅಂಗಡಿಯವನಿಗೆ ಹೊರಗಿನಿಂದ ಬಡಿಯಲು ಹೇಳಿ, ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಕಿವಿಗೊಟ್ಟು ನಿಂತ. ಏನೂ ಕೇಳಿಸಲಿಲ್ಲ. ನಾಲ್ಕು ಇಂಚು ಬಿಸಿಲನ್ನು ತಡೆದಂತೆಯೇ ಅವಳ ಬಡಿತವನ್ನೂ ತಡೆದಿತ್ತು. ಅವನು ಅಲ್ಲೇ ಕುಳಿತು ಅತ್ತ.

ಮರುದಿನ ಮೊದಲ ಬಸ್ಸಿಗೆ ಹಳ್ಳಿಗೆ ಹೋದ. ಮನೆಗೆ ಬೀಗ. ಟೀಚರಮ್ಮ ಹುಡುಗಿಯರಿಗೆ ಪಾಠ ಮುಗಿಯಿತೆಂದು ಹೇಳಿ, ಬೆಳಿಗ್ಗೆಯೇ ತಂಗಿಯ ಊರಿಗೆ ಹೊರಟುಹೋಗಿದ್ದಳು. ಯಾವ ಊರೆಂದು ಅಕ್ಕಪಕ್ಕದವರಿಗೂ ಸರಿಯಾಗಿ ತಿಳಿಯದು. ಅವನು ಮರಳಿ ಬಂದ. ಶೆಡ್ಡಿನಲ್ಲಿ ವೀಣೆ ಹಾಗೇ ಇತ್ತು. ಮೇಣ ಕರಗಿರಲಿಲ್ಲ.

ಅವನು ವೆಲ್ಡಿಂಗಿನವನನ್ನು ಮತ್ತೆ ಕರೆದ. ಪ್ಲೈವುಡ್ ಕೀಳಿಸಿದ, ಗಾದಿ ಕೀಳಿಸಿದ, ಮೂರು ಇಂಚು ತೆಗೆಸಿ ಒಂದಿಂಚು ಉಳಿಸಿಕೊಂಡ. ಬೆಳ್ಳಿ ಹಾಳೆ, ರಬ್ಬರ್ ಪಟ್ಟಿ, ಮೊದಲು ಹೇಳಿದ್ದೆಲ್ಲ ಮಾಡಿಸಿದ. ಹೊರಗೆ ತಾನೇ ಕೈಯಾರೆ ಬಿಳಿ ಬಣ್ಣ ಹೊಡೆದ. ಈಗ ಬಾಗಿಲು ಒಂದು ಬೆರಳಿಗೆ ತೆರೆಯುತ್ತದೆ. ಒಳಗೆ ಬಾವಿಯ ತಂಪಿಲ್ಲ, ಮರದ ನೆರಳಿನಷ್ಟು ತಂಪಿದೆ. ಅಷ್ಟಕ್ಕೆ ಮೇಣ ನಿಲ್ಲುತ್ತದೆ. ಹೊರಗೆ ಬೆಕ್ಕು ಕೆರೆದರೂ ಅವನು ಎದ್ದು ಹೋಗಿ ನೋಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ದಾಸೋಹದ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

“ಆಮ್ಯಾಲ ಆ ಟೀಚರಮ್ಮ ತಿರುಗಿ ಬಂದಳಾ ಅಜ್ಜಾರ?” ಎಂದು ಎರ್ರಿಸ್ವಾಮಿ ಕೇಳಿದ.

“ಆಕಿ ಮಾತು ಬಿಡು. ನಾಳೆ ನಮ್ಮ ಮುದುಕಿ ಬಂದು ದಾಸೋಹದ ಬಾಗಿಲಾಗ ನಿಂತ್ರ, ಬಾಯಿ ಕಟ್ಟಿಕೊಂಡಾವ ನೀನು ‘ಒಳಗ ಬಾರವ್ವ’ ಅಂತ ಹ್ಯಾಂಗ ಕರೀತಿ?”