ಕಡಲಾಚೆ ಹತ್ತುವ ಟೀವಿ

ಜವರಮ್ಮನಿಗೆ ಒಬ್ಬನೇ ಮಗ, ಮೊಗಣ್ಣ. ಒಬ್ಬನೇ ಆದದ್ದು ಒಳ್ಳೆಯದಾಯಿತು ಎನ್ನುತ್ತಿತ್ತು ಓಣಿ.

ಇಪ್ಪತ್ತಾರು ವರ್ಷ. ಎತ್ತಿನಂಥ ಮೈ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನಷ್ಟೇ ಮಾಡುತ್ತಿದ್ದ. ಅದೇ ಅವನ ರೋಗ. "ಹಾಲು ಉಕ್ಕೋವರೆಗೂ ನೋಡ್ತಿರೋ" ಎಂದರೆ ಉಕ್ಕುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಉಕ್ಕಿದ ಮೇಲೆ ಎದ್ದು ಹೋಗುತ್ತಿದ್ದ.

"ನಿನ್ನ ಕಟ್ಟಿಕೊಂಡು ಹೆಂಗೆ ಬಾಳ್ಲೋ!" ಎಂದು ಜವರಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವನನ್ನು ಬಿಟ್ಟು ಬಾಳುವುದು ಹೇಗೆಂದೂ ಅವಳಿಗೆ ಗೊತ್ತಿರಲಿಲ್ಲ.

ರಾಮನಗರದಲ್ಲಿ ಮನೆ. ಮನೆಯ ಹಿಂದೆ ಎರಡು ಒಲೆಯ ಕೊಟ್ಟಿಗೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕುವುದರಲ್ಲಿ ಜವರಮ್ಮನ ಬೆರಳಿಗೆ ಸಮ ಇರಲಿಲ್ಲ. ಆ ಬೆರಳಿನ ಸುದ್ದಿ ಕಡಲು ದಾಟಿತು. ಅಲ್ಲೊಂದು ನೂಲಿನ ಕಾರ್ಖಾನೆ. ಎರಡು ವರ್ಷ ಬಂದು ಹುಡುಗಿಯರಿಗೆ ಕಲಿಸಬೇಕು. ಮನೆ, ಊಟ, ಸಂಬಳ. ಜೊತೆಗೆ ಒಬ್ಬ ಸಹಾಯಕ ಬರಬಹುದು. ಆ ದೇಶದ ಹೆಸರಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಕಡಲಾಚೆ ಎನ್ನುತ್ತಿದ್ದಳು.

ಭಾನುವಾರ ಏಜೆಂಟ್ ದೊರೆಸ್ವಾಮಿ ಬಂದರು. ಮೊಗಣ್ಣನನ್ನು ಮೇಲಿಂದ ಕೆಳಗೆ ನೋಡಿದರು.

"ಇವನೇ ಸಹಾಯಕನಾ?"

"ಹೂಂ ಸ್ವಾಮಿ. ನನ್ನ ಮಗ."

ಜವರಮ್ಮನ ತಮ್ಮ ಬೋರಲಿಂಗ ನಡುವೆ ಬಾಯಿ ಹಾಕಿದ. "ಸ್ವಾಮಿ, ಇವನು ಮಂಕ. ನನ್ನ ಅಳಿಯ ಇದ್ದಾನೆ, ಮಗಳ ಗಂಡ, ಚುರುಕು. ಅವನ ಹೆಸರು ಬರೀರಿ. ಇವನು ನನ್ನ ಹಟ್ಟೀಲಿ ಸಗಣಿ ಎತ್ತಿಕೊಂಡಿರಲಿ."

ಜವರಮ್ಮ ಮಗನನ್ನು ತನ್ನತ್ತ ಎಳೆದುಕೊಂಡಳು. ಬೋರಲಿಂಗನ ಹಟ್ಟಿ ಅವಳು ಕಂಡದ್ದೇ. ಅಲ್ಲಿ "ಎತ್ತು" ಎನ್ನುವವರಿದ್ದರು. "ಸಾಕು, ಬಂದು ಉಣ್ಣು" ಎನ್ನುವವರು ಇರಲಿಲ್ಲ.

ದೊರೆಸ್ವಾಮಿ ಯೋಚಿಸಿದರು. "ಅಲ್ಲಿ ಸಹಾಯಕನ ಕೆಲಸ ಇಷ್ಟೇ. ಒಬ್ಬನೇ ಅಂಗಡಿಗೆ ಹೋಗಬೇಕು, ಹೇಳಿದ ಸಾಮಾನು ತರಬೇಕು. ನೋಡೇಬಿಡೋಣ. ನಿಮ್ಮ ಮನೆಗೆ ಕಂಪನಿ ಒಂದು ಟೀವಿ ಕೊಡುತ್ತೆ. ಅಲ್ಲಿ ಬೆಲೆ ಮೂರರಷ್ಟು. ಇಲ್ಲೇ ಅನ್ವರ್ ಸಾಬರ ಅಂಗಡೀಲಿ ದುಡ್ಡು ಕಟ್ಟಿದ್ದೀನಿ. ಅಲ್ಲಿಯ ಕರೆಂಟೇ ಬೇರೆ. ಆ ಕರೆಂಟಿಗೂ ಹತ್ತುವ ಟೀವಿ ಇವನೊಬ್ಬನೇ ಹೋಗಿ ತರಲಿ. ಮಂಗಳವಾರ ಸಂಜೆ ಬರ್ತೀನಿ. ಹತ್ತಿದರೆ ಟಿಕೆಟ್ ಇವನಿಗೆ. ಇಲ್ಲದಿದ್ದರೆ ಅಳಿಯನಿಗೆ."

ಬೋರಲಿಂಗ ನಕ್ಕ. ಜವರಮ್ಮ ನಗಲಿಲ್ಲ.

ಅವರೆಲ್ಲ ಹೋದ ಮೇಲೆ ಮಗನ ಎರಡು ಭುಜ ಹಿಡಿದು ಹೇಳಿದಳು. "ಮೊಗಣ್ಣ, ಸಾಬರನ್ನ ಕೇಳು. ನೀರು ದಾಟಿ ಆಚೆ ಹೋದ ಮೇಲೂ ಹತ್ತಬೇಕು. ಅಂಥದ್ದನ್ನೇ ತಾ. ಏನು?"

"ನೀರು ದಾಟಿ ಆಚೆ ಹೋದ ಮೇಲೂ ಹತ್ತಬೇಕು."

"ಅಷ್ಟೇ. ಹೋಗು."

ಹೋದ. ಮಧ್ಯಾಹ್ನವಾಯಿತು. ಸಂಜೆಯಾಯಿತು. ಜವರಮ್ಮ ಬಾಗಿಲಿಗೂ ಒಲೆಗೂ ತಿರುಗಿ ತಿರುಗಿ ಕಾಲು ಸೋತಳು. ಮೊಗಣ್ಣ ಬಂದ. ಎದೆಯವರೆಗೂ ಒದ್ದೆ. ಕೈ ಬರಿದು.

"ಟೀವಿ ಎಲ್ಲೋ?"

"ಹತ್ತಲಿಲ್ಲ ಕಣವ್ವ."

"ಎಲ್ಲಿ ಹತ್ತಲಿಲ್ಲ?"

"ಆಚೆ ದಡದಲ್ಲಿ. ತಲೆ ಮೇಲೆ ಹೊತ್ತುಕೊಂಡು ಅರ್ಕಾವತಿ ದಾಟಿದೆ. ಕಲ್ಲಿನ ಮೇಲೆ ಇಟ್ಟು ಗುಂಡಿ ಒತ್ತಿದೆ. ಹತ್ತಲಿಲ್ಲ. ಇನ್ನೊಂದು ಇಸಕೊಂಡು ಹೋದೆ. ಅದೂ ಹತ್ತಲಿಲ್ಲ. ಮೂರನೇದು ಕೊಡಲ್ಲ ಅಂದರು ಸಾಬರು."

"ಅಯ್ಯೋ ನನ್ನ ಕರ್ಮವೇ! ಹೊಳೆ ದಂಡೇಲಿ ಕರೆಂಟು ಎಲ್ಲೈತೋ, ಬೆಪ್ಪೇ!"

"ನೀನು ಕರೆಂಟು ಅನ್ನಲೇ ಇಲ್ಲವಲ್ಲವ್ವ."

ಹೌದು, ಅಂದಿರಲಿಲ್ಲ. ಜವರಮ್ಮ ರಾತ್ರಿಯೆಲ್ಲ ತನ್ನ ಮಾತನ್ನೇ ತಿರುವಿ ಹಾಕಿದಳು. ಬೆಳಗ್ಗೆ ಎದ್ದವಳೇ ತಾನೇ ಸಾಬರ ಬಳಿಗೆ ಓಡಿದಳು, ಕೇಳಿಕೊಂಡು ಬಂದಳು. ಸೋಮವಾರ. ಇನ್ನು ಒಂದೂವರೆ ದಿನ.

"ಇಲ್ಲಿ ಕೇಳು. ಹೊಳೆ ದಾಟಬೇಡ. ಟೀವಿ ಬೆನ್ನ ಮೇಲೆ ನಂಬರು ಬರೆದಿರುತ್ತೆ. ನೂರಹತ್ತರಿಂದ ಇನ್ನೂರ ನಲವತ್ತು ಅಂತ ಇರಬೇಕು. ಅದಿದ್ದರೆ ಎಲ್ಲ ಕರೆಂಟಿಗೂ ಹತ್ತುತ್ತಂತೆ. ಮುಂದೆ ನೋಡಿ ಮರುಳಾಗಬೇಡ, ಬೆನ್ನು ನೋಡು. ಏನು?"

"ಮುಂದೆ ನೋಡಬಾರದು, ಬೆನ್ನು ನೋಡಬೇಕು."

"ಹೋಗು."

ಈ ಸಲ ಬೇಗ ಬಂದ. ತಲೆ ಮೇಲೆ ಟೀವಿ! ಜವರಮ್ಮನಿಗೆ ಜೀವ ಬಂತು. ಬೆನ್ನು ನೋಡಿದಳು. ನೂರಹತ್ತರಿಂದ ಇನ್ನೂರ ನಲವತ್ತು. ಸರಿಯಾಗಿಯೇ ಇತ್ತು. ಮಗನ ಕೆನ್ನೆ ಸವರಿದಳು.

ಅಷ್ಟರಲ್ಲಿ ಬೋರಲಿಂಗ ಬಂದ. ಟೀವಿಯ ಮುಂದಕ್ಕೆ ಹೋದ. ಬಗ್ಗಿದ. ಅದರ ಒಳಗೆ ತಲೆ ತೂರಿಸಿದ.

"ನಮಸ್ಕಾರ. ಈಗ ವಾರ್ತೆಗಳು" ಎಂದ ಒಳಗಿನಿಂದ.

ಗಾಜಿರಲಿಲ್ಲ. ಒಳಗೆ ಏನೂ ಇರಲಿಲ್ಲ. ರಿಪೇರಿಗೆ ಬಿಚ್ಚಿಟ್ಟಿದ್ದ ಬರೀ ಗೂಡು.

"ಸಾಬರು ನಮಾಜಿಗೆ ಹೋಗಿದ್ದರು. ಬೆನ್ನು ನೋಡಿದೆ, ನಂಬರಿತ್ತು, ತಂದೆ" ಎಂದ ಮೊಗಣ್ಣ.

"ಮುಂದೆ ತೂತು ಕಾಣಲಿಲ್ಲವೇನೋ!"

"ಮುಂದೆ ನೋಡಬೇಡ ಅಂದೆಯಲ್ಲವ್ವ."

ಬೋರಲಿಂಗ ತಲೆ ಹೊರಗೆಳೆದು ಹೊಟ್ಟೆ ಹಿಡಿದುಕೊಂಡ. "ಅಕ್ಕ, ಅಳಿಯನಿಗೆ ಸ್ವೆಟರ್ ಹೆಣೆಸಲೇ? ಅಲ್ಲಿ ಚಳಿಯಂತೆ!"

"ನಡಿ ಆಚೆ!" ಎಂದಳು ಜವರಮ್ಮ.

ಮಂಗಳವಾರ ಬೆಳಗ್ಗೆ ಮತ್ತೆ ಭುಜ ಹಿಡಿದಳು. "ಬೆನ್ನೂ ನೋಡು, ಮುಖವೂ ನೋಡು. ಸಾಬರ ಕೈಲೇ ಹತ್ತಿಸು. ಚಿತ್ರ ಕಣ್ಣಾರೆ ಕಾಣಬೇಕು. ಚಿತ್ರ ಇಲ್ಲದ ಟೀವಿ ಮುಟ್ಟಲೇಬೇಡ. ಏನು?"

"ಚಿತ್ರ ಇಲ್ಲದ ಟೀವಿ ಮುಟ್ಟಬಾರದು."

ಹೋದ. ಹತ್ತು ಗಂಟೆ. ಹನ್ನೆರಡು. ಎರಡು. ಬರಲಿಲ್ಲ. ಮೂರಾಯಿತು. ಜವರಮ್ಮ ಒಲೆ ಬಿಟ್ಟು ಓಡಿದಳು.

ಅಂಗಡಿಯ ನಡುವೆ ಮೊಗಣ್ಣ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಟೀವಿ. ಅದರಲ್ಲಿ ಯಾರೋ ಬದನೆಕಾಯಿ ಹೆಚ್ಚುತ್ತಿದ್ದರು. ಅನ್ವರ್ ಸಾಬರು ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಜವರಮ್ಮ, ಕಾಪಾಡು ತಾಯಿ! ಬೆಳಗ್ಗಿಂದ ಹಿಂಗೇ. ನಂಬರು ಸರಿ ಇದೆ, ಚಿತ್ರ ಸರಿ ಇದೆ. ಡಬ್ಬಕ್ಕೆ ಹಾಕೋಕೆ ವೈರು ಕಿತ್ತರೆ ಚಿತ್ರ ಹೋಗುತ್ತೆ. ಚಿತ್ರ ಹೋದರೆ ಮುಟ್ಟಲ್ಲ ಅಂತಾನೆ. ಮತ್ತೆ ಹಾಕಿದರೆ ಕೂತುಕೊಂಡು ನೋಡ್ತಾನೆ. ನಲವತ್ತು ಸಲ ಆಯ್ತು!"

"ಏಳೋ, ದಂಡಪಿಂಡವೇ!" ಜವರಮ್ಮ ಬೆನ್ನಿಗೊಂದು ಗುದ್ದಿದಳು. "ಇದೇ ಟೀವಿ. ಇದೇ! ಚಿತ್ರ ಹೋಗಲಿ ಬಿಡು. ಡಬ್ಬದಲ್ಲಿ ಇಟ್ಟು ಮನೆಗೆ ತಗೊಂಡು ಹೋಗು. ನಾನು ನಿಮ್ಮ ಮಾವನ ಮನೆಗೆ ಹೋಗಿ ಅಲ್ಲಿ ಇಳಿದಿರೋ ಏಜೆಂಟರನ್ನ ಕರೆತರ್ತೀನಿ. ಜೋಪಾನ ಕಣೋ! ಸಂತೆಯಿಂದ ಗೂಡು ತಂದಾಗ ಹೆಂಗೆ ನೋಡಿಕೊಳ್ತೀಯೋ, ಹಂಗೇ ನೋಡಿಕೊ. ಏನು?"

"ಗೂಡು ನೋಡಿಕೊಂಡ ಹಂಗೇ ನೋಡಿಕೊಳ್ಳಬೇಕು."

"ಹೋಗು, ನನ್ನಪ್ಪ."

ಬೋರಲಿಂಗನ ಮನೆಯಲ್ಲಿ ದೊರೆಸ್ವಾಮಿ ಕಾಫಿ ಕುಡಿಯುತ್ತಿದ್ದರು. ಜವರಮ್ಮ ಕಂಬಕ್ಕೆ ಒರಗಿ ಉಸಿರು ಬಿಟ್ಟಳು. ಟೀವಿ ಸಿಕ್ಕಿತು. ನಂಬರಿದೆ, ಗಾಜಿದೆ, ಚಿತ್ರವಿದೆ. ಮಗ ತನ್ನ ಜೊತೆಗೇ ಬರುತ್ತಾನೆ. ಅವಳಿಗೆ ಕಣ್ಣು ತುಂಬಿತು.

ಏಜೆಂಟರು ಕೆಲಸದ ಮಾತು ತೆಗೆದು ಕೇಳಿದರು. "ಸಂತೆಯಿಂದ ಗೂಡು ತಂದ ಕೂಡಲೇ ಮೊದಲು ಏನು ಮಾಡ್ತೀರಮ್ಮ?"

"ಮೊದಲು ಹಬೆಗೆ ಇಡ್ತೀವಿ ಸ್ವಾಮಿ. ಇಲ್ಲದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡುತ್ತೆ. ಹಂಡೆ ಮೇಲೆ ಬುಟ್ಟಿ ಇಟ್ಟು, ಒದ್ದೆ ಗೋಣಿ ಮುಚ್ಚಿ..."

ಮಾತು ಅಲ್ಲೇ ನಿಂತಿತು.

"ಮುಚ್ಚಿ?" ಎಂದರು ದೊರೆಸ್ವಾಮಿ.

ಜವರಮ್ಮ ಅಲ್ಲಿರಲಿಲ್ಲ. ಸೆರಗು ಬಿಗಿದು ಓಡುತ್ತಿದ್ದಳು. ಓಣಿ ದಾಟಿದಳು. ಹಳಿ ದಾಟಿದಳು. ಒಂದು ಚಪ್ಪಲಿ ಎಲ್ಲೋ ಬಿತ್ತು. ದೇವರೇ, ಬೆಂಕಿ ಹತ್ತದಿರಲಿ. ಸೌದೆ ಹಸಿಯಾಗಿರಲಿ. ಕಡ್ಡಿಪೆಟ್ಟಿಗೆ ಕಾಣದಿರಲಿ.

ಕೊಟ್ಟಿಗೆಯ ಹೆಂಚಿನ ಸಂದಿಯಿಂದ ಬಿಳಿ ಹಬೆ ಏಳುತ್ತಿತ್ತು.

ಹಂಡೆ ಕುದಿಯುತ್ತಿತ್ತು. ಹಂಡೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಗೋಣಿ. ಮೊಗಣ್ಣ ಪಕ್ಕದಲ್ಲಿ ಕೂತು ಒಲೆಗೆ ಸೌದೆ ನೂಕುತ್ತಿದ್ದ.

"ತೆಗಿಯೋ! ತೆಗಿಯೋ!" ಕಿರುಚಿ ತಾನೇ ಕೈ ಹಾಕಿದಳು. ಕೈ ಸುಟ್ಟಿತು. ಬಿಡಲಿಲ್ಲ. ಟೀವಿಯನ್ನು ನೆಲಕ್ಕಿಳಿಸಿದಳು. ಅದರ ಸಂದುಸಂದಿನಿಂದ ನೀರು ತೊಟ್ಟಿಕ್ಕಿತು.

"ಇನ್ನೂ ಸ್ವಲ್ಪ ಹೊತ್ತು ಬೇಕವ್ವ" ಎಂದ ಮೊಗಣ್ಣ. "ಆಮೇಲೆ ಆ ಇನ್ನೊಂದು ಒಲೆ ಹಂಡೆಗೆ ಬಿಡೋದು. ಎಳೆ ನೀನೇ ಹುಡುಕಬೇಕು. ನನಗೆ ಸಿಗಲ್ಲ."

ಜವರಮ್ಮನಿಗೆ ಬೈಯಲು ಉಸಿರಿರಲಿಲ್ಲ. ಓಣಿಯಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಸೆರಗಿನಿಂದ ಟೀವಿ ಒರೆಸಿದಳು. ಒರೆಸುತ್ತಲೇ ಹಲ್ಲು ಕಚ್ಚಿ ಹೇಳಿದಳು. "ಹಾಳು ಮಾಡಿದೆಯಲ್ಲೋ ಪೆದ್ದೇ! ಇನ್ನು ಒಂದು ಮಾತಾಡಿದರೆ ನೋಡು! ಏನು ಕೇಳಿದರೂ ಹೂಂ ಅನ್ನು. ಬರೀ ಹೂಂ!"

"ಹೂಂ" ಎಂದ ಮೊಗಣ್ಣ.

ದೊರೆಸ್ವಾಮಿ, ಬೋರಲಿಂಗ ಒಳಗೆ ಬರುವಷ್ಟರಲ್ಲಿ ತಾಯಿ ಮಗ ಟೀವಿಯನ್ನು ನಡುಮನೆಯ ಮೇಜಿನ ಮೇಲಿಟ್ಟರು. ಬೋರಲಿಂಗ ಮೂಗರಳಿಸಿದ. "ಇದೇನಕ್ಕ, ಟೀವಿಗೆ ಬೆಂದ ಹುಳದ ವಾಸನೆ?"

ಕಡಲಾಚೆಯ ಕರೆಂಟು ಕೊಡುವ ಸಣ್ಣ ಪೆಟ್ಟಿಗೆಯೊಂದನ್ನು ದೊರೆಸ್ವಾಮಿ ತಂದಿದ್ದರು. ವೈರು ಸಿಕ್ಕಿಸಿದರು. ಜವರಮ್ಮ ಸುಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ದೊರೆಸ್ವಾಮಿ ಗುಂಡಿ ಒತ್ತಿದರು.

ಟಪ್.

ಹೊಗೆ ಬಂತು. ಮತ್ತೇನೂ ಬರಲಿಲ್ಲ.

"ಆಯ್ತು. ಬರೀರಿ ಅಳಿಯನ ಹೆಸರು!" ಬೋರಲಿಂಗ ತೊಡೆ ತಟ್ಟಿದ.

ದೊರೆಸ್ವಾಮಿ ಕಾಗದ ಬಿಡಿಸಿದರು, ಬರೆಯಲಿಲ್ಲ. ಜವರಮ್ಮನ ಮುಖ ನೋಡಿ ಅವರಿಗೂ ಏನೋ ಅನಿಸಿರಬೇಕು. "ಇರು. ಅವನನ್ನೂ ಎರಡು ಮಾತು ಕೇಳ್ತೀನಿ. ಏನಪ್ಪ, ಅಮ್ಮ ಹೇಳಿದ ಹಾಗೆ ಕೇಳ್ತೀಯಾ?"

"ಹೂಂ."

"ನೀರು, ಸೌದೆ ಎಲ್ಲ ಹೊರುತ್ತೀಯಾ?"

"ಹೂಂ."

"ಅಮ್ಮನ್ನ ಚೆನ್ನಾಗಿ ನೋಡಿಕೊಳ್ತೀಯಾ?"

"ಹೂಂ."

ದೊರೆಸ್ವಾಮಿ ತಲೆದೂಗಿದರು. ಪೆನ್ನಿನ ಮುಚ್ಚಳ ತೆಗೆದರು. "ಟೀವಿ ಹಾಳಾಗಲಿ, ಅಲ್ಲೇ ಕೊಳ್ಳೋಣ. ಹುಡುಗ ವಿಧೇಯ." ಪೆನ್ನು ಕಾಗದಕ್ಕೆ ತಾಗಿತು. ಜವರಮ್ಮ ಉಸಿರು ಹಿಡಿದಳು. ಒಂದು ಹೆಸರು. ಮೂರು ಅಕ್ಷರ.

ಬೋರಲಿಂಗ ಮುಂದೆ ಬಗ್ಗಿದ. "ಮೊಗಣ್ಣ, ನಿನ್ನ ಬದಲು ನನ್ನ ಅಳಿಯ ಹೋಗಲೇನೋ?"

"ಹೂಂ."

ಪೆನ್ನು ನಿಂತಿತು.

"ನೀನು ನನ್ನ ಹಟ್ಟೀಲಿ ಇರ್ತೀಯಾ?"

"ಹೂಂ."

"ಕೇಳಿದಿರಾ ಸ್ವಾಮಿ! ಅವನ ಬಾಯಲ್ಲೇ!"

ದೊರೆಸ್ವಾಮಿಗೆ ರೇಗಿತು. "ಒಂದು ಗಳಿಗೆಗೆ ಒಂದು ಮಾತಾ? ಅಮ್ಮನ್ನ ನೋಡಿಕೊಳ್ತೀನಿ ಅಂತಲೂ ಹೂಂ, ಹೋಗಲ್ಲ ಅಂತಲೂ ಹೂಂ? ಹಾಗಾದರೆ ನಿಮ್ಮಮ್ಮನ ಹೆಸರನ್ನೂ ಹೊಡೆದು ಹಾಕಲೇನು?"

"ಹೂಂ."

ದೊರೆಸ್ವಾಮಿ ಮೆಲ್ಲಗೆ ಜವರಮ್ಮನ ಕಡೆ ತಿರುಗಿದರು. "ಇಲ್ಲಮ್ಮ, ಮಾತಿಗೆ ಅಂದೆ. ಕಾರ್ಖಾನೆಗೆ ಬೇಕಿರೋದು ನಿಮ್ಮ ಬೆರಳು. ಅಳಿಯನ ಹೆಸರು ಬರ್ಕೊಳ್ತೀನಿ. ನೀವು ಹೊರಡಿ. ಹೊಡೆದು ಹಾಕೋದೇನೂ ಬೇಡವಲ್ಲ?"

ಜವರಮ್ಮ ಪೆನ್ನು ನೋಡಿದಳು. ತಮ್ಮನನ್ನು ನೋಡಿದಳು. ಮಗನನ್ನು ನೋಡಿದಳು. ಅವನು ಮುಂದಿನ ಪ್ರಶ್ನೆಗೆ ಬಾಯಿ ಸಿದ್ಧ ಮಾಡಿಕೊಂಡು ನಿಂತಿದ್ದ.

"ಹೊಡೆದು ಹಾಕಿ ಸ್ವಾಮಿ" ಎಂದಳು.

ಬೋರಲಿಂಗ ಎದ್ದು ನಿಂತ. "ಅಕ್ಕ! ನೀನು ಹೋಗದಿದ್ದರೆ ನನ್ನ ಅಳಿಯ ಹೆಂಗೆ ಹೋಗ್ತಾನೆ? ಅವನಿಗೆ ಗೂಡಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ! ಸ್ವಾಮಿ, ನಿಲ್ಲಿ!"

ದೊರೆಸ್ವಾಮಿ ಕಾಗದದ ಮೇಲೆ ಅಡ್ಡಗೆರೆ ಎಳೆದರು, ಮಡಚಿದರು, ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೊರಟರು.

ಬೋರಲಿಂಗ ಬಾಯಿ ಬಡಿದುಕೊಂಡ. "ಮನೆ ಬಾಗಿಲಿಗೆ ಬಂದದ್ದನ್ನ ಒದ್ದೆಯಲ್ಲಕ್ಕ! ಅವನಂತೂ ಹುಟ್ಟಾ ಪೆದ್ದ. ನಿನಗೂ ಮಂಕು ಬಡಿಯಿತಾ?"

"ಹೂಂ" ಎಂದ ಮೊಗಣ್ಣ.