ಬಾನಚಾವಡಿ

ನೂಲಗೇರಿಯ ಬಣ್ಣಗಾರರ ಓಣಿ ಮುಗಿಯುವಲ್ಲಿ ಒಂದು ಸಣ್ಣ ತೋಟವಿದೆ. ಎರಡು ಬೇವು, ಒಂದು ಹೊಂಗೆ, ನಾಲ್ಕಾರು ದಾಸವಾಳದ ಗಿಡ. ನಡುವೆ ಹನ್ನೆರಡು ಕಲ್ಲುಕಂಬಗಳು. ಒಂದೊಂದರ ಮೇಲೂ ಒಂದೊಂದು ಮನೆತನದ ಹೆಸರು. ತಲೆಯೆತ್ತಿದರೆ ಮೇಲೆ ಮಾಡು, ಸೂರು ಏನೂ ಇಲ್ಲ, ಬರೀ ಆಕಾಶ. ಇದನ್ನು ಬಾನಚಾವಡಿ ಎನ್ನುತ್ತಾರೆ. ಯಾವುದೋ ದಂಡು ಬಂದು ಕೆಡವಿರಬೇಕೆಂದು ಹೊಸಬರು ತಿಳಿಯುವುದುಂಟು. ಯಾರೂ ಕೆಡವಲಿಲ್ಲ. ಕಟ್ಟಿದವರು ಭಕ್ತಿಯಿಂದಲೇ ಕಟ್ಟಿದರು.

ಹಿಂದೆ ಒಮ್ಮೆ ಇಲ್ಲಿ ಮರದ ಕಂಬಗಳ ಹಳೆಯ ಚಾವಡಿಯಿತ್ತಂತೆ. ಓಣಿಯವರು ಕೆಲಸ ಬಿಟ್ಟು ಬಂದು ಅಲ್ಲಿ ಮೈ ಚಾಚುತ್ತಿದ್ದರು. ತೋಟ ಕಾಯುತ್ತಿದ್ದವನು ಫಕೀರಪ್ಪ. ಅವನ ಹೆಂಡತಿ ದ್ಯಾಮವ್ವನಿಗೆ ಉಬ್ಬಸ. ಅವರ ಗುಡಿಸಲು ಬಣ್ಣ ಕುದಿಸುವ ಒಲೆಗಳಿಗೆ ಅಂಟಿಕೊಂಡಿತ್ತು; ಆ ಹೊಗೆಯಲ್ಲಿ ಆಕೆಗೆ ಉಸಿರು ಹಿಡಿಯುತ್ತಿತ್ತು. ಆದ್ದರಿಂದ ಮಳೆಗಾಲ ಚಳಿಗಾಲವೆನ್ನದೆ ಚಾವಡಿಯೇ ಅವಳ ಮನೆ. ಗೆದ್ದಲು ಹತ್ತಿ ತೊಲೆಗಳು ಜಗ್ಗಿದಾಗ ಓಣಿಯ ಹಿರಿಯರು ಸೇರಿ ಜೀರ್ಣೋದ್ಧಾರಕ್ಕೆ ಮನಸ್ಸು ಮಾಡಿದರು. ಕಂಬ ಕೊಟ್ಟವರ ಹೆಸರನ್ನು ಆ ಕಂಬದ ಮೇಲೇ ಕೆತ್ತಿಸುವುದು ಅಲ್ಲಿನ ಪದ್ಧತಿ. ಒಂದೇ ದಿನ ಹನ್ನೆರಡು ಮನೆಯವರು ಮುಂದೆ ಬಂದರು. ಫಕೀರಪ್ಪ ಶಿವನಿಗೆ ಕೈಮುಗಿದು, ಹಳೆಯ ಮಾಡನ್ನು ತಾನೇ ಇಳಿಸಿದ. ಯುಗಾದಿಯ ಹೊತ್ತಿಗೆ ಕಂಬಗಳು ಎದ್ದವು. ಮಾಡಿನ ಖರ್ಚು ಹೊರುವವರು ಯಾರೆಂದು ಆವರೆಗೆ ಒಬ್ಬರೂ ಕೇಳಿರಲಿಲ್ಲ.

ಅವನು ಮನೆಮನೆಗೆ ಹೋದ. ಮೊದಲ ಕಂಬ ಕೊಟ್ಟಿದ್ದ ನೂಲಿನ ವ್ಯಾಪಾರಿ ಮುರಿಗೆಪ್ಪ ಮಜ್ಜಿಗೆ ಕೊಟ್ಟು ಕೂರಿಸಿದ. “ಮಾಡಿನ ಮ್ಯಾಲ ಹೆಸರು ಕೆತ್ತಿಸಿದ್ರ ಓದೋರ್ಯಾರೋ ಫಕೀರಾ, ಕಾಗಿಗಳೇನು?”

“ಶಿವ ಓದ್ತಾನ್ರಿ, ಧಣಿ.”

“ಶಿವಗ ನನ್ನ ಹೆಸರು ಗೊತ್ತೈತಿ. ಗೊತ್ತಾಗಬೇಕಾದ್ದು ಎದುರು ಮನಿಯವಗ.”

ಉಳಿದ ಹನ್ನೊಂದು ಮನೆಗಳಲ್ಲೂ ಮಜ್ಜಿಗೆ ಸಿಕ್ಕಿತು. ಸಂಜೆ ಅವನು ಬರಿಗೈಲಿ ಬಂದಾಗ, ಕಂಬಕ್ಕೆ ಒರಗಿ ಕೂತಿದ್ದ ದ್ಯಾಮವ್ವ ಉಸಿರು ಎಳೆದೆಳೆದು ನಕ್ಕಳಂತೆ. “ಹದಿಮೂರನೇ ದಾನಿನ್ನ ದೇವರು ಇನ್ನೂ ಹುಟ್ಟಿಸಿಲ್ಲ ಕಾಣ್ತೈತಿ. ಹುಟ್ಟಿ ದೊಡ್ಡಾಂವ ಆಗೋತನಕ ಕಾಯೋಣು ಬಿಡು.” ಕಾಯಲು ಮೋಡ ಬಿಡಲಿಲ್ಲ. ರೋಹಿಣಿ ಮಳೆ ಹಿಡಿಯಿತು. ಗುಡಿಸಲೊಳಗೆ ಕರೆದೊಯ್ದರೆ ಹೊಗೆ, ಹೊರಗೆ ಕೂರಿಸಿದರೆ ಮಳೆ. ಫಕೀರಪ್ಪ ಅವಳನ್ನು ಎತ್ತಿಕೊಂಡು ಒಳಗೆ ಹೋದ, ಮತ್ತೆ ಹೊರಗೆ ತಂದ, ಮತ್ತೆ ಒಳಗೆ. ಕೊನೆಗೆ ಕಂಬಗಳ ನಡುವೆ ಕೂರಿಸಿ, ತನ್ನ ಕಂಬಳಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತ. ನೀರು ಕುಡಿದ ಕಂಬಳಿ ಎಷ್ಟು ಹೊತ್ತು ತಡೆದೀತು? ನಾಲ್ಕನೆಯ ದಿನ ಮಧ್ಯಾಹ್ನ ಆಕೆ ಶಿವನ ಪಾದ ಸೇರಿದಳು. ಯಾಕೆ ಹೀಗೆ ಎಂದು ಕೇಳಲು ನಾವು ಯಾರು? ಅವನ ಚಿತ್ತ.

ಹನ್ನೆರಡು ಮನೆಯವರೂ ತಲೆತಗ್ಗಿಸಿ ಬಂದರು. ಮಾಡು ಈಗ ನಾನು ಕಟ್ಟಿಸುತ್ತೇನೆ ಎಂದ ಮುರಿಗೆಪ್ಪ. “ಪಾಪ ನಂದು, ನೀ ಯಾಕ ಕಟ್ಟಸ್ತಿ?” ಎಂದ ಇನ್ನೊಬ್ಬ. ಹನ್ನೆರಡು ಮಂದಿಯೂ ಒಬ್ಬೊಬ್ಬರೇ ಪೂರ್ತಿ ಮಾಡನ್ನು ಬೇಡಿದರು. ಖರ್ಚು ಪಾಲು ಹಂಚಿಕೊಳ್ಳಲು ಯಾರೂ ಒಪ್ಪಲಿಲ್ಲ. ಫಕೀರಪ್ಪ ಒಬ್ಬೊಬ್ಬರಿಗೂ ಕೈಮುಗಿದ, “ಯಾರರ ಹಾಕ್ರಪ್ಪಾ, ಕುಂತವರಿಗೆ ನೆರಳಾಗ್ಲಿ” ಎಂದ. ಅವನ ಕಾಲ ಮುಗಿಯಿತು, ಆ ಹನ್ನೆರಡು ಮಂದಿಯ ಕಾಲವೂ ಮುಗಿಯಿತು, ಜಗಳ ಮಕ್ಕಳಿಗೆ ಬಂತು ಎನ್ನುತ್ತಾರೆ.

ಇಂದಿಗೂ ಮಳೆಯ ದಿನ ತೋಟಕ್ಕೆ ಹೋದವರು ಒಂದು ಸಂಗತಿ ನೋಡಬಹುದು. ಓಣಿಯವರು ಕೊಡೆ ಹಿಡಿದು ಬರುತ್ತಾರೆ. ಕಂಬಗಳ ಸಾಲಿಗೆ ಬಂದೊಡನೆ ಅದನ್ನು ಮಡಿಚುತ್ತಾರೆ. ನೆನೆಯುತ್ತಲೇ ಅಷ್ಟು ದೂರ ದಾಟಿ, ಆಚೆ ಹೋದ ಮೇಲೆ ಮತ್ತೆ ಬಿಡಿಸುತ್ತಾರೆ.