ಜೀಪಿನ ಮೇಲಿನ ಸೈಕಲ್

ಸರ್ಕಾರಿ ಕಚೇರಿಯೊಂದು ತನ್ನ ಜೀಪಿನ ಹೊಗೆ ತಗ್ಗಿಸಲೆಂದು ಸೈಕಲ್ ಕೊಂಡು ಶೆಡ್ಡಿನಲ್ಲಿ ಜೀಪಿನ ಪಕ್ಕ ನಿಲ್ಲಿಸಿತ್ತು. ಯಾರನ್ನಾದರೂ ಹೊತ್ತು ಊರ ಬೀದಿಯಲ್ಲಿ ಓಡಬೇಕೆಂಬುದೊಂದೇ ಆ ಸೈಕಲ್ಲಿನ ಹಂಬಲ. ಪರಿಸರ ದಿನದ ಬೆಳಿಗ್ಗೆ ಜವಾನ ಬಂದು ಚಕ್ರಗಳಿಗೆ ಗಾಳಿ ತುಂಬಿದ. ಸಾಹೇಬರು ಸೈಕಲ್ ಜಾಥಾಕ್ಕೆ ಹೊರಟಿದ್ದರು.

“ಜೀಪಣ್ಣ, ಇವತ್ತು ನೀನು ಸುಧಾರಿಸಿಕೋ,” ಎಂದಿತು ಸೈಕಲ್.

“ಜಾಥಾ ಇರುವುದು ಮೈದಾನದಲ್ಲಿ ಮಾರಾಯ. ಅಲ್ಲಿಯವರೆಗೆ ಸಾಹೇಬರನ್ನೂ ನಿನ್ನನ್ನೂ ಹೊರುವವರು ಯಾರು?” ಎಂದಿತು ಜೀಪು.

ಜವಾನ ಸೈಕಲ್ಲನ್ನು ತಲೆಕೆಳಗಾಗಿ ಜೀಪಿನ ಮೇಲೆ ಕಟ್ಟಿದ. ಮೈದಾನದಲ್ಲಿ ಸಾಹೇಬರು ಹ್ಯಾಂಡಲ್ ಹಿಡಿದು ಫೋಟೋಗೆ ನಿಂತರು, ಪೆಡಲ್ ತುಳಿಯಲಿಲ್ಲ. ಸೈಕಲ್ ಮತ್ತೆ ಜೀಪಿನ ತಲೆಗೇರಿತು. ಮರಳುವ ದಾರಿಯಲ್ಲಿ ಗಾಳಿಗೆ ಅದರ ಚಕ್ರಗಳು ತಾವಾಗಿಯೇ ತಿರುಗಿದವು.

“ಓಡುತ್ತಿದ್ದೀಯಲ್ಲ, ಇನ್ನೇನು ಬೇಕು?” ಎಂದು ಜೀಪು ಗೇಲಿ ಮಾಡಿತು.

“ಸ್ವಲ್ಪ ನಿಧಾನವಾಗಿ ಹೋಗು ಅಣ್ಣ,” ಎಂದಿತು ಸೈಕಲ್. “ಕೆಳಗಿನ ರಸ್ತೆಯನ್ನಾದರೂ ಕಣ್ತುಂಬ ನೋಡಿಕೊಳ್ಳುತ್ತೇನೆ.”